ಟಿಕ್ ಹಾಕಿದ್ದು ಒಂದು ಸಾಲಿಗೆ, ಕಾಣುವುದು ಇನ್ನೊಂದರಲ್ಲಿ

ಪ್ರಶ್ನೆ: ಆಂಡ್ರಾಯ್ಡ್‌ನಲ್ಲಿ ಲಿಸ್ಟ್ ತೋರಿಸುವ ರಿಸೈಕ್ಲರ್‌ವ್ಯೂನಲ್ಲಿ ಮೂರನೇ ಸಾಲಿಗೆ ಟಿಕ್ ಹಾಕಿದರೆ, ಸ್ಕ್ರಾಲ್ ಮಾಡಿದಾಗ ಕೆಳಗಿನ ಇನ್ಯಾವುದೋ ಸಾಲಲ್ಲೂ ಟಿಕ್ ಕಾಣುತ್ತದೆ. ಸೆಟ್‌ಈಸ್‌ರಿಸೈಕ್ಲೇಬಲ್‌ಗೆ ಫಾಲ್ಸ್ ಕೊಟ್ಟರೆ ಸರಿಹೋಗುತ್ತದೆ. ಹಾಗೇ ಬಿಡಬಹುದಾ?

ಬಿಡಬೇಡಿ. ಇದನ್ನೇ ಎಷ್ಟು ಜನ ಕೇಳುತ್ತೀರಿ! ಮರೆಯಾದ ಸಾಲಿನ ವ್ಯೂ (ಪರದೆಯಲ್ಲಿ ಸಾಲನ್ನು ತೋರಿಸುವ ತುಣುಕು) ಹೊಸ ಸಾಲಿಗೆ ಮತ್ತೆ ಬಳಸುವುದೇ ರಿಸೈಕ್ಲರ್‌ವ್ಯೂ ಕೆಲಸ. ಫಾಲ್ಸ್ ಕೊಟ್ಟರೆ ಆ ಮರುಬಳಕೆಯೇ ನಿಂತುಹೋಗುತ್ತದೆ, ಪ್ರತಿ ಸಾಲಿಗೂ ಹೊಸ ವ್ಯೂ ಕಟ್ಟಬೇಕಾಗುತ್ತದೆ, 60 ಹರ್ಟ್ಜ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದೇ ಸುಮಾರು 16 ಮಿಲಿಸೆಕೆಂಡು, ಆಮೇಲೆ ಲಿಸ್ಟ್ ತಡವರಿಸುತ್ತದೆ ಅಂತ ಮತ್ತೆ ನನ್ನನ್ನೇ ಕೇಳುತ್ತೀರಿ. ಸಾಲಿನ ಜಾತಿ ಹೇಳುವ ಗೆಟ್‌ಐಟಂವ್ಯೂಟೈಪ್‌ನಿಂದ ಪೊಸಿಷನ್ (ಸಾಲಿನ ಸಂಖ್ಯೆ) ವಾಪಸ್ ಕೊಡಿ ಅನ್ನುವ ಸಲಹೆಯಂತೂ ಇನ್ನೂ ಕೆಟ್ಟದ್ದು. ಪ್ರತಿ ಸಾಲೂ ಬೇರೆ ಜಾತಿಯಾಗಿ, ದಾಟಿಹೋದ ವ್ಯೂಗಳೆಲ್ಲ ಮರುಬಳಕೆಗೆ ಕಾಯುವ ಪೂಲ್‌ನಲ್ಲಿ ಬಿದ್ದು ಮೆಮೊರಿ ತಿನ್ನುತ್ತವೆ.

ತಪ್ಪು ನಿಮ್ಮ ಬೈಂಡ್‌ನಲ್ಲಿದೆ, ಅಂದರೆ ವ್ಯೂಗೆ ಸಾಲಿನ ಡೇಟಾ ತುಂಬುವ ಕೋಡ್‌ನಲ್ಲಿ. ಮೇಲೆ ಮರೆಯಾದ ವ್ಯೂ ಹಳೇ ಟಿಕ್ ಹೊತ್ತುಕೊಂಡೇ ಕೆಳಗಿನ ಸಾಲಿಗೆ ಬರುತ್ತದೆ. ಅದನ್ನು ಅಳಿಸುವ ಕೆಲಸ ನಿಮ್ಮದು. ಟಿಕ್ ಇದೆಯೋ ಇಲ್ಲವೋ ಅನ್ನುವುದು ಡೇಟಾದಲ್ಲಿರಲಿ, ಆನ್‌ಬೈಂಡ್‌ವ್ಯೂಹೋಲ್ಡರ್‌ನಲ್ಲಿ ಪ್ರತಿ ಸಲ ಅಲ್ಲಿಂದಲೇ ಓದಿ ಹಾಕಿ. ಇಫ್ ಬರೆದ ಕಡೆ ಎಲ್ಸ್ ಕೂಡ ಬೇಕೇ ಬೇಕು: ಒಂದು ಸಾಲಿಗೆ ಲೇಬಲ್ ತೋರಿಸಿದರೆ, ಬೇಡದ ಸಾಲಿಗೆ ಮರೆಮಾಡಲೇಬೇಕು.

ಜಾಸ್ತಿ ಜನ ಎಡವುವುದು ಲಿಸನರ್ ಹತ್ತಿರ, ಅಂದರೆ ಟಿಕ್ ಬದಲಾದಾಗ ಓಡುವ ಕೋಡ್ ಹತ್ತಿರ. ಸೆಟ್‌ಚೆಕ್ಡ್ ಮಾಡುವ ಮೊದಲು ಹಳೇ ಲಿಸನರ್‌ಗೆ ನಲ್ ಹಾಕಿ, ಆಮೇಲೆ ಹೊಸದನ್ನು ಕೊಡಿ. ಇಲ್ಲದಿದ್ದರೆ ನೀವು ಕೋಡ್‌ನಲ್ಲಿ ಬದಲಿಸಿದ ಟಿಕ್ಕೇ ಹಳೇ ಸಾಲಿನ ಡೇಟಾವನ್ನು ತಿದ್ದಿಬಿಡುತ್ತದೆ, ಆಗ ಕೆಡುವುದು ಬರೀ ಪರದೆಯಲ್ಲ. ಲಿಸನರ್ ಒಳಗೆ ಬೈಂಡ್ ಸಮಯದ ಪೊಸಿಷನ್ ಹಿಡಿದಿಟ್ಟುಕೊಳ್ಳಬೇಡಿ, ಒತ್ತಿದಾಗ ಬೈಂಡಿಂಗ್‌ಅಡಾಪ್ಟರ್‌ಪೊಸಿಷನ್ ಕೇಳಿ, ಮೈನಸ್ 1 (ಈಗ ಪೊಸಿಷನ್ ಇಲ್ಲ ಅಂತ) ಬಂದರೆ ಸುಮ್ನೆ ಹೊರಬನ್ನಿ.

ಇನ್ನೊಂದು ವಿಷಯ. ಸ್ವಲ್ಪ ಮೇಲೆ ಕೆಳಗೆ ಎಳೆದು ನೋಡಿ ಸರಿಯಾಯ್ತು ಅನ್ನಬೇಡಿ. ಈಗಷ್ಟೇ ಮರೆಯಾದ ಸಾಲುಗಳು, ಡಿಫಾಲ್ಟ್ ಆಗಿ 2, ಕ್ಯಾಶ್‌ನಲ್ಲಿ ಹಾಗೇ ಇರುತ್ತವೆ, ಮತ್ತೆ ಬೈಂಡ್ ಆಗದೆಯೇ ವಾಪಸ್ ಬರುತ್ತವೆ. ಉದ್ದದ ಲಿಸ್ಟ್ ಹಾಕಿ, ಕೊನೆವರೆಗೂ ಹೋಗಿ ಬನ್ನಿ.

ಪ್ರಶ್ನೆ: ಒಳಗಿನದನ್ನೆಲ್ಲ ಒಟ್ಟಿಗೆ ಸ್ಕ್ರಾಲ್ ಮಾಡಿಸುವ ನೆಸ್ಟೆಡ್‌ಸ್ಕ್ರಾಲ್‌ವ್ಯೂ ಒಳಗೆ ರಿಸೈಕ್ಲರ್‌ವ್ಯೂ ಇಡಬಹುದಾ?

ಎತ್ತರ ರ‍್ಯಾಪ್ ಕಂಟೆಂಟ್ (ಒಳಗಿರುವುದಕ್ಕೆ ತಕ್ಕಷ್ಟು) ಆದರೆ ಸಾಲುಗಳೆಲ್ಲ ಒಟ್ಟಿಗೆ ತಯಾರಾಗುತ್ತವೆ, ಉದ್ದದ ಲಿಸ್ಟ್‌ಗೆ ಬೇಡ.

ಪ್ರಶ್ನೆ: ಐಫೋನ್‌ನಲ್ಲಿ ಈ ತೊಂದರೆ ಇಲ್ಲ ಅಲ್ವಾ?

ಇದೆ. ಅಲ್ಲಿ ಲಿಸ್ಟ್ ತೋರಿಸುವ ಯುಐಟೇಬಲ್‌ವ್ಯೂನ ಸೆಲ್‌ಗಳೂ (ಸಾಲುಗಳೂ) ಹೀಗೇ ತಿರುಗುತ್ತವೆ, ಮರುಬಳಕೆಗೆ ಮೊದಲು ಸೆಲ್ ಸಿದ್ಧಮಾಡುವ ಪ್ರಿಪೇರ್‌ಫಾರ್‌ರೀಯೂಸ್ ಇರುವುದು ಸುಮ್ನೆ ಅಲ್ಲ.