ಮಾಲ್, ಮೊಬೈಲ್ ಮತ್ತು ತಿಂಗಳ ಸಾಮಾನಿನ ಚೀಟಿ

ಮಾಲ್‌ಗಳ ನಡುವೆ ದಿನಸಿ ಅಂಗಡಿಗಳಿಗೆ ಉಳಿಗಾಲವಿದೆಯೇ, ತಮ್ಮ ಬೀದಿಯ ಅಂಗಡಿಯವರು ಯುಪಿಐ ಫಲಕವನ್ನು ಕಿತ್ತು ಹಾಕಿರುವುದು ಸರಿಯೇ ಎಂದು ಬೆಂಗಳೂರಿನ ಓದುಗರೊಬ್ಬರು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಆತಂಕ ಸಹಜವಾದರೂ ದಿನಸಿ ಅಂಗಡಿಯ ಎದುರಾಳಿ ಮಾಲ್ ಎಂಬುದನ್ನು ನಾವು ಒಪ್ಪಲಾರೆವು. 2004ರಲ್ಲಿ ಕೋರಮಂಗಲದಲ್ಲಿ ಫೋರಂ ಮಾಲ್ ತೆರೆದಾಗ ಜನ ಮುಗಿಬಿದ್ದದ್ದು ಬೇಳೆ ಬೆಲ್ಲಕ್ಕಲ್ಲ, ಹನ್ನೊಂದು ಪರದೆಗಳ ಚಿತ್ರಮಂದಿರಕ್ಕೆ ಮತ್ತು ತಣ್ಣನೆಯ ಗಾಳಿಗೆ. ಈಗ ನೆಕ್ಸಸ್ ಎಂಬ ಹೆಸರಿನಲ್ಲಿರುವ ಆ ಮಾಲ್ ಸೇರಿದಂತೆ ನಗರದ ಮಾಲ್‌ಗಳೆಲ್ಲವೂ, ಬಟ್ಟೆ, ಚಪ್ಪಲಿ, ಫೋನುಗಳನ್ನು ಗ್ರಾಹಕರು ಮನೆಗೇ ತರಿಸಿಕೊಳ್ಳುವುದು ರೂಢಿಯಾದಂತೆಲ್ಲ, ಊಟ, ಸಿನಿಮಾ, ಮಕ್ಕಳ ಆಟಗಳನ್ನೇ ಹೆಚ್ಚು ನೆಚ್ಚಿಕೊಂಡಿವೆ. ಭಾನುವಾರದ ಮಟ್ಟಿಗೆ ಅವುಗಳ ಪೈಪೋಟಿ ಲಾಲ್‌ಬಾಗಿನೊಂದಿಗೆ ಎಂದರೂ ತಪ್ಪಾಗಲಾರದು.

ದಿನಸಿ ಅಂಗಡಿಗೆ ಪೆಟ್ಟು ಬಿದ್ದಿರುವುದು ಬೇರೆ ಎರಡು ಕಡೆಯಿಂದ. ಸಂಬಳವಾದೊಡನೆ ಅಕ್ಕಿ, ಎಣ್ಣೆ, ಸೋಪು ಎಂದು ಬರೆದು ಹುಡುಗನ ಕೈಯಲ್ಲಿ ಕಳುಹಿಸುತ್ತಿದ್ದ ತಿಂಗಳ ಸಾಮಾನಿನ ಚೀಟಿ ಬಹಳ ಹಿಂದೆಯೇ ಸೂಪರ್ ಮಾರ್ಕೆಟ್ ಪಾಲಾಯಿತು. ಒಗ್ಗರಣೆಗಿಟ್ಟ ಮೇಲೆ ಸಾಸಿವೆ ಮುಗಿದದ್ದು ನೆನಪಾಗಿ ಓಡಿ ಬರುವ ಗಿರಾಕಿಯೊಬ್ಬ ಉಳಿದಿದ್ದ. ಕೆಲವೇ ನಿಮಿಷಗಳಲ್ಲಿ ಮನೆಗೆ ತಂದುಕೊಡುವ ಮೊಬೈಲ್ ಆ್ಯಪ್‌ಗಳಾದ ಬ್ಲಿಂಕಿಟ್, ಜೆಪ್ಟೊ, ಇನ್‌ಸ್ಟಾಮಾರ್ಟ್‌ಗಳು ಈಗ ಕೈ ಹಾಕಿರುವುದು ಅವನಿಗೇ. ಹಾಗಿದ್ದೂ ಹಲವು ಅಂಗಡಿಗಳು ಉಳಿದಿವೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಟ್ಟಿಯಂತೆ ಸಾಮಾನು ಕಟ್ಟಿ ಮನೆಗೆ ಮುಟ್ಟಿಸುತ್ತಾರೆ, ಐದು ರೂಪಾಯಿಯ ಕಾಫಿಪುಡಿ ಪೊಟ್ಟಣವನ್ನೂ ಬೇಸರವಿಲ್ಲದೆ ಕೊಡುತ್ತಾರೆ, ಎಲ್ಲಕ್ಕಿಂತ ಮುಖ್ಯವಾಗಿ ಮುಖ ನೋಡಿ ಉದ್ರಿ ಬರೆದುಕೊಳ್ಳುತ್ತಾರೆ. ದಿನಗೂಲಿಯ ಮನೆಗಳಿಗೆ ಆ ಉದ್ರಿ ಪುಸ್ತಕದ ಬದಲಿಗೆ ಯಾವ ಆ್ಯಪ್ ಕೂಡ ಒದಗಲಾರದು.

ಇನ್ನು ಯುಪಿಐ ವಿಚಾರ. ಚಿಲ್ಲರೆಯ ಬದಲು ಚಾಕೊಲೇಟ್ ಕೊಡುವ ಕಾಲವನ್ನು ಮುಗಿಸಿದ ಈ ವ್ಯವಸ್ಥೆಯನ್ನು ಅಂಗಡಿಯವರು ಯಾರ ಒತ್ತಾಯವೂ ಇಲ್ಲದೆ ಅಪ್ಪಿಕೊಂಡಿದ್ದರು. ಆದರೆ 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಯನ್ನೇ ಆಧಾರವಾಗಿಟ್ಟುಕೊಂಡು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ಬಾಕಿಯ ನೋಟಿಸ್ ಕಳುಹಿಸಿದಾಗ, ಊರ ತುಂಬ 'ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡವು. ಹಾಲು, ತರಕಾರಿಗೆ ತೆರಿಗೆಯೇ ಇಲ್ಲವೆಂಬುದನ್ನು ಮೊದಲೇ ತಿಳಿಹೇಳದೆ ಲಕ್ಷಗಟ್ಟಲೆ ರೂಪಾಯಿಯ ನೋಟಿಸನ್ನು ಮುಂದಿಟ್ಟದ್ದು ಇಲಾಖೆಯ ಆತುರವೆಂದೇ ನಮ್ಮ ಅಭಿಪ್ರಾಯ. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಮುಖ್ಯಮಂತ್ರಿಗಳೇ ಬಳಿಕ ಹೇಳಬೇಕಾಯಿತು.

ಆದ್ದರಿಂದ ಫಲಕ ಕಿತ್ತರೆ ನಷ್ಟ ಅಂಗಡಿಗೇ; ಜೇಬಿನಲ್ಲಿ ನೋಟಿಲ್ಲದ ಗಿರಾಕಿ ಮರುಮಾತಿಲ್ಲದೆ ಮೊಬೈಲ್ ಕಡೆಗೆ ತಿರುಗುತ್ತಾನೆ. ನಗದಿನಲ್ಲಿ ಪಡೆದರೂ ವಹಿವಾಟು ವಹಿವಾಟೇ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು. ಒಂದೂವರೆ ಕೋಟಿಯವರೆಗಿನ ವ್ಯಾಪಾರಿಗಳಿಗೆ, ತೆರಿಗೆಗೆ ಒಳಪಡುವ ವಹಿವಾಟಿನ ಶೇಕಡಾ 1ರಷ್ಟು ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿ ಇದೆ. ನಿಮ್ಮ ಅಂಗಡಿಯವರು ಇದನ್ನು ಲೆಕ್ಕಪರಿಶೋಧಕರೊಬ್ಬರಲ್ಲಿ ಒಮ್ಮೆ ವಿಚಾರಿಸಿ, ಫಲಕವನ್ನು ಮತ್ತೆ ಅಂಟಿಸುವುದು ಒಳಿತು.