ಐರ್ಲೆಂಡಿನ ಸಾಹಿತ್ಯ, ಚರಿತ್ರೆ ಎರಡನ್ನೂ ಪ್ರಕಟಿಸಿದ ಸಣ್ಣ ಪ್ರಕಾಶನ ಯಾವುದು?

ಡಬ್ಲಿನ್ನಿನ ಮಾನ್ಸೆಲ್. 1905ರಲ್ಲಿ ಶುರುವಾದ ಈ ಪುಟ್ಟ ಪ್ರಕಾಶನ ಕವಿತೆ, ನಾಟಕ, ರಾಜಕೀಯ ಎಲ್ಲಕ್ಕೂ ಕೈ ಹಾಕಿತು. 1907ರಲ್ಲಿ ಡಬ್ಲಿನ್ನಿನ ಅಬ್ಬಿ ರಂಗಮಂದಿರದಲ್ಲಿ ದೊಡ್ಡ ಗಲಾಟೆ ಎಬ್ಬಿಸಿದ, ಐರಿಷ್ ನಾಟಕಕಾರ ಜೆ. ಎಂ. ಸಿಂಗ್ ಬರೆದ ನಾಟಕವನ್ನು ಅದೇ ವರ್ಷ ಪುಸ್ತಕ ಮಾಡಿದ್ದು ಇವರೇ. 1910ರಲ್ಲಿ ಕಾರ್ಮಿಕ ನಾಯಕ ಜೇಮ್ಸ್ ಕಾನಲಿ ಬರೆದ ಐರಿಷ್ ಕಾರ್ಮಿಕರ ಚರಿತ್ರೆ ಬಂತು.

ಧೈರ್ಯ ಯಾವಾಗಲೂ ಇರಲಿಲ್ಲ ಬಿಡಿ. ಐರಿಷ್ ಲೇಖಕ ಜೇಮ್ಸ್ ಜಾಯ್ಸ್‌ನ ಕಥಾಸಂಕಲನ ‘ಡಬ್ಲಿನರ್ಸ್’ ಒಪ್ಪಿಕೊಂಡು, ಸುಮ್ನೆ ಸತಾಯಿಸಿ, 1912ರಲ್ಲಿ ಕೈಬಿಟ್ಟರು. ಅಚ್ಚಾದ ಹಾಳೆಗಳನ್ನು ಮುದ್ರಕ ನಾಶಮಾಡಿದ. ಜಾಯ್ಸ್ ಸಿಟ್ಟಿಗೆದ್ದು ಬೈಗುಳದ ಪದ್ಯವನ್ನೇ ಬರೆದ!

ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 1916ರ ಈಸ್ಟರ್ ದಂಗೆಯಲ್ಲಿ ಇವರ ಕಟ್ಟಡ ಸುಟ್ಟುಹೋಯಿತು. ಮರುವರ್ಷವೇ, ಆ ದಂಗೆಗಾಗಿ ಬ್ರಿಟಿಷರು ಗುಂಡಿಟ್ಟು ಕೊಂದ ಪ್ಯಾಟ್ರಿಕ್ ಪಿಯರ್ಸ್ ಬರಹಗಳನ್ನು ಇವರು ಹೊರತಂದರು.