ಫುಡ್ ಇಂಡಸ್ಟ್ರಿ ಅಂತ ಬರೆಯಲಾ, ಮಂಡಕ್ಕಿ ಭಟ್ಟಿ ಅಂತಲಾ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ನನಗೆ 46 ವರ್ಷ. ಅಜ್ಜ, ದೊಡ್ಡಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ಮಿಲ್ಲು ಮುಚ್ಚಿದ ಮೇಲೆ ಅಪ್ಪ ಭಟ್ಟಿ ಹಾಕಿದರು, ಉಳಿದವರು ಊರು ಬಿಟ್ಟರು. ಈಗ ಅವರ ಮಕ್ಕಳಲ್ಲಿ ಒಬ್ಬಳು ಮೆಲ್ಬರ್ನ್‌ನಲ್ಲಿ ನರ್ಸ್. ಒಬ್ಬ ದುಬೈ ಬಂದರಿನಲ್ಲಿ ಕ್ರೇನ್ ಆಪರೇಟರ್. ಒಬ್ಬಳು ಧಾರವಾಡದಲ್ಲಿ ಸಿತಾರ್ ಕಲಿಸುತ್ತಾಳೆ. ಇನ್ನೊಬ್ಬ ಪುಣೆಯಲ್ಲಿ ಇಂಜಿನಿಯರ್, ತಿಂಗಳಿಗೆ ಎರಡು ಲಕ್ಷದ ಮೇಲೆ ಸಂಬಳ. ಮುಂದಿನ ದುಗ್ಗಮ್ಮನ ಜಾತ್ರೆಗೆ ಎಲ್ಲರೂ ಸೇರುತ್ತಿದ್ದಾರೆ. ಮನೆತನದ ಒಂದು ಪುಸ್ತಕ ಮಾಡುತ್ತಾರಂತೆ, ಪ್ರತಿಯೊಬ್ಬರೂ ತಮ್ಮ ಕೆಲಸದ ಬಗ್ಗೆ ನಾಲ್ಕು ಸಾಲು ಬರೆದುಕೊಡಬೇಕು. ಪಿಯುಸಿ ಓದುವ ಮಗ, ‘ಅಪ್ಪ, ಭಟ್ಟಿ ಅಂತ ಬರೀಬೇಡ, ಫುಡ್ ಇಂಡಸ್ಟ್ರಿ ಅಂತ ಬರಿ’ ಅಂದ. ಎರಡು ದಿನ ಊಟ ಸೇರಲಿಲ್ಲ. ಜಾತ್ರೆ ದಿನ ಎಲ್ಲಾದರೂ ಹೋಗಿಬಿಡೋಣ ಅನಿಸುತ್ತಿದೆ. ಏನು ಮಾಡಲಿ?

ಉತ್ತರ: ಮೊದಲು ಊಟ ಮಾಡಿ. ಮಗ ಹಾಗೆ ಅಂದಾಗ ಎದೆಗೆ ಎಷ್ಟು ಚುಚ್ಚಿರುತ್ತದೆ ಅಂತ ನನಗೆ ಅರ್ಥವಾಗುತ್ತದೆ. ಆದರೂ ಒಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಜಾಗ ಸಾಲದೆ ನಿಮ್ಮ ಪತ್ರವನ್ನು ಇಲ್ಲಿ ಚಿಕ್ಕದು ಮಾಡಿದ್ದೇನೆ. ಪೂರ್ತಿ ಪತ್ರದಲ್ಲಿ ನಾಲ್ಕು ಕಡೆ ಸಂಬಳದ ಮಾತಿದೆ. ಪುಣೆಯವನದು ಎರಡು ಲಕ್ಷ, ದುಬೈಯವನು ಮನೆ ಕಟ್ಟಿಸಿದ್ದು, ಮೆಲ್ಬರ್ನ್‌ನವಳು ಕಾರು ತೆಗೆದುಕೊಂಡಿದ್ದು. ಧಾರವಾಡದ ತಂಗಿಗೆ ‘ಪಾಪ, ಅಷ್ಟೇನೂ ಸಿಗಲ್ಲ’ ಅಂತ ಬರೆದಿದ್ದೀರಿ. ಅವಳು ಎಷ್ಟು ವರ್ಷದಿಂದ ಸಿತಾರ್ ಹಿಡಿದಿದ್ದಾಳೆ, ಯಾರ ಹತ್ತಿರ ಕಲಿತಳು ಅನ್ನೋದು ಮಾತ್ರ ಎಲ್ಲೂ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಇದೇ ಮಾತು ನಡೆಯುತ್ತದೆ ಅಲ್ವಾ? ಹುಡುಗ ಅದನ್ನೇ ಕೇಳಿ ಬೆಳೆದಿದ್ದಾನೆ. ನೀವು ಎಲ್ಲರನ್ನೂ ಅಳೆಯುವ ಕೋಲನ್ನೇ ಅವನು ಈಗ ನಿಮ್ಮ ಪಕ್ಕದಲ್ಲಿ ನಿಲ್ಲಿಸಿದ. ಅವನ ಮೇಲೆ ಸಿಟ್ಟು ಬೇಡ.

ನನ್ನ ಮನೆಯ ಒಂದು ವಿಷಯ ಹೇಳುತ್ತೇನೆ. ನಮ್ಮ ಸೋದರಮಾವ ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲಿಗೆ ಮಾಲು ಪರೀಕ್ಷೆ ಮಾಡಿ ಖರೀದಿಸುವ ಕೆಲಸ ಮಾಡುತ್ತಿದ್ದರು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆದು, ಕಿವಿ ಹತ್ತಿರ ಅಲುಗಾಡಿಸುತ್ತಿದ್ದರು. ಗಲಗಲ ಅಂದರೆ ಒಣಗಿದೆ, ಸದ್ದು ಮೆತ್ತಗಿದ್ದರೆ ಇನ್ನೂ ಹಸಿ. ಆಮೇಲೆ ಒಂದು ಕಾಳು ಸಿಪ್ಪೆ ಬಿಡಿಸಿ ಉಗುರಲ್ಲಿ ಒತ್ತಿ, ಎಣ್ಣೆ ಎಷ್ಟಿದೆ ಅಂತ ಅಂದಾಜು ಹೇಳುತ್ತಿದ್ದರು. ಮದುವೆ ಮನೆಗಳಲ್ಲಿ ನಾವು ಅವರನ್ನು ‘ವ್ಯಾಪಾರ ಮಾಡ್ತಾರೆ’ ಅಂತ ಪರಿಚಯ ಮಾಡುತ್ತಿದ್ದೆವು. ಅವರು ಹೋಗಿ ಹನ್ನೊಂದು ವರ್ಷ. ಆ ಕಿವಿ, ಆ ಉಗುರು ಹೇಗೆ ಕಲಿತವು ಅಂತ ನಾನು ಒಮ್ಮೆಯೂ ಕೇಳಲಿಲ್ಲ. ಇದು ನನಗೆ ಇವತ್ತಿಗೂ ನೋವು.

ಈಗ ನಿಮ್ಮ ಭಟ್ಟಿಗೆ ಬರೋಣ. ನಮ್ಮ ಕಡೆ ಹುಟ್ಟಿದವರೆಲ್ಲ ಮಂಡಕ್ಕಿ ತಿಂದೇ ಬೆಳೆದವರು. ಅದು ಆಗುವುದನ್ನು ಹತ್ತಿರದಿಂದ ನೋಡಿದವರು ಕಡಿಮೆ. ಭತ್ತ ನೆನೆಸಿ, ಬೇಯಿಸಿ, ಬಿಸಿಲಿಗೆ ಹರವಿ, ಗಿರಣಿಗೆ ಹಾಕಿಸಬೇಕು. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಹದ ಮಾಡಬೇಕು. ಕೊನೆಗೆ ಕಾದ ಮರಳಿಗೆ ಸುರಿದರೆ, ಕಾಳಿನೊಳಗೆ ಉಳಿದ ಚೂರು ತೇವವೇ ಆವಿಯಾಗಿ ಅಕ್ಕಿಯನ್ನು ಅರಳಿಸುತ್ತದೆ. ತೇವ ಕಡಿಮೆಯಾದರೆ ಅರಳುವುದಿಲ್ಲ, ಜಾಸ್ತಿಯಾದರೆ ಗಟ್ಟಿ. ಮರಳು ಒಂದು ಗಳಿಗೆ ಹೆಚ್ಚು ಕಾದರೆ ಕಪ್ಪು. ಆ ಹದ ನಿಮ್ಮ ಕೈಗೆ ಗೊತ್ತು. ‘ಫುಡ್ ಇಂಡಸ್ಟ್ರಿ’ ಅಂತ ಬರೆದರೆ ಇದರಲ್ಲಿ ಒಂದಾದರೂ ಉಳಿಯುತ್ತದಾ?

ಇದೇ ಊರಿಗೆ 1928ರ ಸುಮಾರಿಗೆ ಚೆನ್ನಮ್ಮ ಅನ್ನೋ ತಾಯಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದು ದೋಸೆ ಹುಯ್ಯಲು ಶುರು ಮಾಡಿದರು ಅಂತ ಹಿರಿಯರು ಹೇಳುತ್ತಾರೆ. ಮೊದಲು ರಾಗಿ ಹಿಟ್ಟಿನ ದೋಸೆಯಂತೆ. ಮುಂದೆ ಅದೇ ಬೆಣ್ಣೆ ದೋಸೆಯಾಗಿ ಊರಿಗೆ ಹೆಸರು ತಂದಿತು. ಅವರ ಬಗ್ಗೆ ಮಾತಾಡುವಾಗ ಯಾರೂ ಬೇರೆ ದೊಡ್ಡ ಹೆಸರು ಹುಡುಕುವುದಿಲ್ಲ. ದೋಸೆ ಅಂತಲೇ ಹೇಳುತ್ತಾರೆ.

ಆದರೆ ಮಗ ಭಟ್ಟಿಗೇ ಬರಬೇಕು ಅಂತ ಹಟ ಹಿಡಿಯಬೇಡಿ. ಮಿಲ್ಲು ಮುಚ್ಚಿದಾಗ ನಿಮ್ಮ ಮನೆಯ ಉಳಿದವರು ದಾರಿ ಹುಡುಕಿಕೊಂಡು ಹೋದ ಹಾಗೆ ಅವನೂ ಹೋಗಬಹುದು. ಹೊಗೆ, ಬಿಸಿ, ಬೆನ್ನು ನೋವು ನೀವೇ ಬರೆದಿದ್ದೀರಿ. ಅವನು ಅದನ್ನು ದಿನಾ ನೋಡಿದ್ದಾನೆ. ಅವನಿಗೆ ನಾಚಿಕೆಗಿಂತ ಭಯವೇ ಜಾಸ್ತಿ ಇರಬಹುದು. ‘ನೀನು ಇದನ್ನೇ ಮಾಡಬೇಕು ಅಂತಿಲ್ಲ’ ಅಂತ ಬಾಯಿಬಿಟ್ಟು ಹೇಳಿದ್ದೀರಾ? ಇವತ್ತೇ ಹೇಳಿ.

ಜಾತ್ರೆಗೆ ಇನ್ನೂ ಸಮಯವಿದೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ತಪ್ಪಿಸಿಕೊಂಡರೆ ಮತ್ತೆ ಅಷ್ಟು ದಿನ ಕಾಯಬೇಕು. ಅಷ್ಟರೊಳಗೆ ಮಗನನ್ನು ಕೂರಿಸಿಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿಸಿ. ಸಂಬಳ, ಮನೆ, ಕಾರು ಕೇಳೋದು ಬೇಡ. ಅಷ್ಟು ಎತ್ತರದ ಕ್ಯಾಬಿನ್‌ನಲ್ಲಿ ಕೂತು ಕೆಳಗಿನ ಹಡಗಿಗೆ ಕಂಟೇನರ್ ಇಳಿಸುವಾಗ ಗಾಳಿ ಬಂದರೆ ಏನು ಮಾಡ್ತೀಯ ಅಂತ ದುಬೈ ಅಣ್ಣನನ್ನು ಕೇಳಲಿ. ರಾತ್ರಿ ಪಾಳಿಯಲ್ಲಿ ರೋಗಿ ಹೆದರಿದರೆ ಮೊದಲು ಏನು ಹೇಳ್ತೀಯ ಅಂತ ಮೆಲ್ಬರ್ನ್ ಅಕ್ಕನನ್ನು ಕೇಳಲಿ. ತಂತಿ ಒತ್ತಿ ಒತ್ತಿ ಗಟ್ಟಿಯಾದ ಬೆರಳ ತುದಿಯ ಬಗ್ಗೆ ಧಾರವಾಡದವಳನ್ನು ಕೇಳಲಿ. ಪುಣೆಯವನನ್ನು ನೀವೇ ಕೇಳಿ. ಅವನ ಕೆಲಸ ಏನು ಅಂತ ನಿಮಗೆ ಸರಿಯಾಗಿ ಗೊತ್ತಿಲ್ಲ ಅಂತ ಪತ್ರ ನೋಡಿದರೆ ಗೊತ್ತಾಗುತ್ತದೆ.

ಕೊನೆಗೆ ನಿಮ್ಮ ಸರದಿ. ಒಂದು ಬೆಳಿಗ್ಗೆ ಭಟ್ಟಿ ಹಚ್ಚುವ ಹೊತ್ತಿಗೆ ಅವನೂ ಬರಲಿ. ಕೆಲಸಕ್ಕಲ್ಲ, ಸುಮ್ನೆ ನೋಡೋಕೆ. ಮರಳು ಕಾದಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ ಅಂತ ಅವನು ಕೇಳಲಿ, ನೀವು ಹೇಳಿ. ನಾಲ್ಕು ಸಾಲನ್ನು ಅವನೇ ಬರೆಯಲಿ. ಅಕ್ಷರ ಮುತ್ತಿನಂತಿದೆ ಅಂತ ನೀವೇ ಬರೆದಿದ್ದೀರಲ್ಲ.